ಅಚ್ಚು ಕಾರಿನ ಹಾಗಿದ್ದರೆ ಸಾಲದು, ಬಾಡಿ ಬಿಟ್ಟು ಬರಬೇಕು

ರೇಡಿಯೋ ಕಂಟ್ರೋಲ್ ಕಾರಿಗೆ ಬಾಡಿ ಬೇಕು ಅನ್ನುವವರು ಚೆಂದದ ತ್ರೀಡಿ ಪ್ರಿಂಟ್ ಹಿಡಿದು ಬರುತ್ತಾರೆ. "ಇದರ ಮೇಲೇ ಶೀಟ್ ಎಳೆದುಬಿಡಿ ಸಾರ್" ಅನ್ನುತ್ತಾರೆ. ಅಂದರೆ ವ್ಯಾಕ್ಯೂಮ್ ಫಾರ್ಮಿಂಗ್: ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನ ಶೀಟನ್ನು ಕಾಯಿಸಿ ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಹಾಕಿ, ಅಡಿಯಿಂದ ಗಾಳಿ ಹೀರಿ ಅಚ್ಚಿಗೆ ಕೂರಿಸಿ ಬಾಡಿ ಮಾಡೋದು. ಪ್ರಿಂಟನ್ನೇ ಅಚ್ಚು ಮಾಡಿ ಎಳೆಯಬಹುದು. ಆಮೇಲೆ ಬಿಡಿಸೋದು ಹೇಗೆ?

ನಿಜವಾದ ಕಾರಿನ ಬಂಪರ್ ಕೆಳಗೆ ಒಳಕ್ಕೆ ಬಾಗಿರುತ್ತದೆ. ಪಾಲಿಕಾರ್ಬೊನೇಟ್ ತಣ್ಣಗಾದಂತೆ ಕುಗ್ಗಿ ಅಚ್ಚನ್ನು ಕಚ್ಚಿ ಹಿಡಿಯುತ್ತದೆ. ಹಾಗಾಗಿ ಪಕ್ಕಗಳಿಗೆ 3ರಿಂದ 5 ಡಿಗ್ರಿ ಇಳಿಜಾರು ಕೊಡುತ್ತೇವೆ. ಬಂಪರಿನ ಆ ಒಳಬಾಗು ಬೇಕೇ ಬೇಕು ಅಂದರೆ ಅಚ್ಚನ್ನು ತುಂಡುಗಳಲ್ಲಿ ಮಾಡಬೇಕು. ನಡುವಿನ ತುಂಡು ಮೊದಲು ಹೊರಗೆ, ಪಕ್ಕದವು ಆಮೇಲೆ. ಖರ್ಚು ಜಾಸ್ತಿ, ಅದಕ್ಕೇ ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ.

ಬಲದ ಲೆಕ್ಕವನ್ನೂ ನೋಡಿ. 1:10 ಅಳತೆಯ ಟೂರಿಂಗ್ ಕಾರಿನ ಅಗಲ 19 ಸೆಂ.ಮೀ., ಉದ್ದ ಸುಮಾರು 43. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 1 ಕಿಲೋ. ಪೂರ್ತಿ ನಿರ್ವಾತವಾದರೆ ಅಚ್ಚಿನ ಮೇಲೆ ಬೀಳುವ ಭಾರ 800 ಕಿಲೋ! ಮೇಲೆ ಬರುವ ಶೀಟ್ 180 ಡಿಗ್ರಿ ಆಸುಪಾಸು, ಪಿಎಲ್‌ಎ (ತ್ರೀಡಿ ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್) ಪ್ರಿಂಟ್ 60ಕ್ಕೇ ಮೆತ್ತಗಾಗುತ್ತದೆ. ಟೊಳ್ಳಾಗಿದ್ದರೆ ರೂಫ್ ಕುಸಿಯುತ್ತದೆ. ಪ್ರಿಂಟಿನಿಂದ ಒಂದು ಪಡಿಯಚ್ಚು (ಉಲ್ಟಾ ಅಚ್ಚು) ತೆಗೆದು, ಅದರಲ್ಲಿ ಅಲ್ಯುಮಿನಿಯಂ ಪುಡಿ ಬೆರೆಸಿದ ಎಪಾಕ್ಸಿ (ಸುರಿದ ಮೇಲೆ ಗಟ್ಟಿಯಾಗುವ ರಾಳ) ಸುರಿದು ಅಚ್ಚು ಮಾಡೋದು ವಾಸಿ.

ಗ್ರಿಲ್, ವಿಂಡ್‌ಸ್ಕ್ರೀನಿನ ಬುಡ, ಸ್ಪಾಯ್ಲರಿನ ಸಂದಿ, ಗಾಳಿ ಸಿಕ್ಕಿಕೊಳ್ಳುವುದು ಇಲ್ಲೇ. ಅಲ್ಲಿ ಅರ್ಧ ಮಿಲಿಮೀಟರಿನ ತೂತು ಸಾಕು. ದೊಡ್ಡದಾದರೆ ಶೀಟ್ ಅದರೊಳಗೆ ಎಳೆದುಕೊಂಡು ಬಾಡಿ ಮೇಲೆ ಗುಳಿ ಬೀಳುತ್ತದೆ. ಅಷ್ಟು ಸಣ್ಣ ಡ್ರಿಲ್ ಬಿಟ್ಟನ್ನು ಇಡೀ ಅಚ್ಚಿಗೆ ಇಳಿಸಲು ಹೋದರೆ ಮುರಿಯುತ್ತದೆ. ಅದಕ್ಕೇ ಅಡಿಯಿಂದ 6 ಮಿ.ಮೀ. ತೂತು ಕೊರೆದು, ಮೇಲ್ಮೈಗೆ ಕೆಲವೇ ಮಿಲಿಮೀಟರ್ ಉಳಿದಾಗ ನಿಲ್ಲಿಸುತ್ತೇವೆ; ಉಳಿದಷ್ಟಕ್ಕೆ ಮಾತ್ರ ಸಣ್ಣ ಬಿಟ್ಟು.

ಬಾಗಿಲಿನ ಗೆರೆಗಳನ್ನು ಅಳತೆಗಿಂತ ಆಳವಾಗಿ, ಅಗಲವಾಗಿ ಕೊರೆಯಿರಿ. ಇಲ್ಲದಿದ್ದರೆ ಶೀಟಿನ ದಪ್ಪವೇ ಅವನ್ನು ನುಂಗಿಬಿಡುತ್ತದೆ.

ಶೀಟ್ ಮೊದಲು ರೂಫಿಗೆ ತಾಗಿ ತಣ್ಣಗಾಗುತ್ತದೆ, ಅಲ್ಲಿ ದಪ್ಪ ಉಳಿಯುತ್ತದೆ. ಕೊನೆಗೆ ಎಳೆದಾಡಿ ತೆಳುವಾಗೋದು ಬಂಪರಿನ ಮೂಲೆ. ಗುದ್ದಿದಾಗ ಒಡೆಯೋದೂ ಅದೇ ಅಲ್ವಾ? ಮೂಲೆಗಳನ್ನು ಧಾರಾಳವಾಗಿ ದುಂಡಗೆ ಮಾಡಿ.

ಅಚ್ಚಿಗೆ ಸಿಲಿಕೋನ್ ಸ್ಪ್ರೇ ಮಾತ್ರ ಹೊಡೆಯಬೇಡಿ. ಈ ಬಾಡಿಗಳಿಗೆ ಬಣ್ಣ ಬಳಿಯೋದು ಒಳಗಡೆ, ಅಚ್ಚಿಗೆ ತಾಗಿದ ಮುಖಕ್ಕೇ. ಸಿಲಿಕೋನ್ ಅಂಟಿದ ಕಡೆ ಬಣ್ಣ ಕೂರುವುದಿಲ್ಲ. ಟಾಲ್ಕಂ ಪೌಡರ್ ಸವರಿದರೆ ಸಾಕು, ಆಮೇಲೆ ಸೋಪು ನೀರಲ್ಲಿ ತೊಳೆದರೆ ಹೋಗುತ್ತದೆ.