ಪದ ಪರಿಚಯ: ಸಂವಿಧಾನ ಸಲಹೆಗಾರ

ಸಂವಿಧಾನ ದಿನ, ಅಂದ್ರೆ ನವೆಂಬರ್ 26, ಹತ್ತಿರ ಬಂತು ಅಂದ್ರೆ ಒಂದು ಜಗಳ ಶುರುವಾಗುತ್ತದೆ. ಸಂವಿಧಾನ ಬರೆದವರು ಯಾರು? ಅಂಬೇಡ್ಕರ್ ಅವರಾ, ಬಿ.ಎನ್. ರಾವ್ ಅವರಾ? ರಾವ್ ಹೆಸರು ಬಂದಾಗಲೆಲ್ಲ ಅದರ ಹಿಂದೆಯೇ 'ಸಂವಿಧಾನ ಸಲಹೆಗಾರ' ಎಂಬ ಪದವೂ ಬರುತ್ತದೆ. ಆ ಹುದ್ದೆಯಲ್ಲಿ ಇದ್ದವರು ಏನು ಮಾಡಬಹುದಿತ್ತು, ಏನು ಮಾಡುವಂತಿರಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಅದನ್ನು ತಿಳಿದುಕೊಂಡರೆ ಜಗಳಕ್ಕೆ ಜಾಗವೇ ಉಳಿಯುವುದಿಲ್ಲ ಅಂತ ನನ್ನ ನಂಬಿಕೆ.

ಮೊದಲು ಪದ ನೋಡೋಣ. 'ಸಲಹೆ' ಅರಬ್ಬಿ ಮೂಲದ್ದು, ಹಿಂದೂಸ್ತಾನಿಯ ದಾರಿಯಲ್ಲಿ ನಮ್ಮಲ್ಲಿಗೆ ಬಂದದ್ದು. ಅದಕ್ಕೆ ನಾವು ಬೇಟೆಗಾರ, ಮಾತುಗಾರ ಎನ್ನುವಾಗ ಹಚ್ಚುವ 'ಗಾರ' ಸೇರಿಸಿಕೊಂಡಿದ್ದೇವೆ. ಸಲಹೆ ಕೊಡುವುದನ್ನೇ ಕೆಲಸ ಮಾಡಿಕೊಂಡವರು ಸಲಹೆಗಾರರು. ತೀರ್ಮಾನ ಮಾತ್ರ ಬೇರೆಯವರದು. ಇವತ್ತಿಗೂ ಅಡ್ವೊಕೇಟ್ ಜನರಲ್ ಹುದ್ದೆಯಲ್ಲಿ ಇದನ್ನು ಕಾಣಬಹುದು. ಸಂವಿಧಾನದ 165ನೇ ವಿಧಿಯ ಪ್ರಕಾರ ಅವರು ರಾಜ್ಯ ಸರ್ಕಾರಕ್ಕೆ ಕಾನೂನಿನ ಸಲಹೆ ಕೊಡುತ್ತಾರೆ. 177ನೇ ವಿಧಿಯ ಪ್ರಕಾರ ಶಾಸನಸಭೆಯಲ್ಲಿ ಎದ್ದು ನಿಂತು ಮಾತನಾಡಬಹುದು, ಮತ ಹಾಕುವಂತಿಲ್ಲ.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರಲ್ಲಿ, ನಮ್ಮ ದಕ್ಷಿಣ ಕನ್ನಡದ ಮನೆತನದಲ್ಲಿ. ತಂದೆ ಡಾಕ್ಟರು. ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲು, ಆಮೇಲೆ ಮದರಾಸು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಇವರ ತಮ್ಮ. ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿಗಳ ಪರೀಕ್ಷೆ ಐಸಿಎಸ್ ಪಾಸಾದ ಹೊಸದರಲ್ಲಿ ಮದರಾಸು ಪ್ರಾಂತ್ಯ ಸಿಕ್ಕಾಗ, ಅದು ಬೇಡ, ಬರ್ಮಾಕ್ಕೆ ಕಳಿಸಿ ಅಂತ ಪತ್ರ ಬರೆದರು. ಮದರಾಸಿನಲ್ಲಿ ನೆಂಟರು, ಸ್ನೇಹಿತರು ಜಾಸ್ತಿ, ಸ್ವಲ್ಪ ಜಮೀನೂ ಇದೆ, ಕೆಲಸ ನೆಟ್ಟಗೆ ಮಾಡುವುದು ಕಷ್ಟವಾದೀತು ಅನ್ನುವುದು ಅವರ ಕಾರಣ. ಆಗಷ್ಟೇ ಇಪ್ಪತ್ತೆರಡು ದಾಟಿದ್ದ ಹುಡುಗ. ಊರ ಹತ್ತಿರ ಕೆಲಸ ಸಿಗಲಿ ಅಂತ ಎಲ್ಲರೂ ಹರಕೆ ಹೊರುವಾಗ ಇವರು ದೂರ ಬೇಡಿಕೊಂಡರು. ಕೊನೆಗೆ ಸಿಕ್ಕಿದ್ದು ಬಂಗಾಳ.

ಸಲಹೆಗಾರರಾಗಿ ಅವರು ಪಳಗಿದ್ದು ದೆಹಲಿಯಲ್ಲಿ ಅಲ್ಲ, ಅಸ್ಸಾಂ ಪ್ರಾಂತ್ಯದಲ್ಲಿ. 1925ರಿಂದ ಸುಮಾರು ಎಂಟು ವರ್ಷ ಅಲ್ಲಿನ ಶಾಸನಸಭೆಯ ಕಾರ್ಯದರ್ಶಿಯೂ ಇವರೇ, ಸರ್ಕಾರದ ಕಾನೂನು ಸಲಹೆಗಾರರೂ ಇವರೇ. ಮಸೂದೆ ಬರೆಯಬೇಕು, ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸಬೇಕು. ಭಾರತದ ಆಡಳಿತ ಸುಧಾರಣೆ ಪರಿಶೀಲಿಸಲು ಬ್ರಿಟಿಷ್ ಸರ್ಕಾರ ಕಳಿಸಿದ ಸೈಮನ್ ಆಯೋಗ ಬಂದಾಗ, ಕೇಂದ್ರ ಮತ್ತು ಪ್ರಾಂತ್ಯಗಳ ನಡುವೆ ಹಣ ಹೇಗೆ ಹಂಚಬೇಕು ಅಂತ ಅಸ್ಸಾಮಿನ ಪರವಾಗಿ ಮನವಿ ಸಿದ್ಧಮಾಡಿದ್ದೂ ಇವರೇ. ಅದೇ ವಿಷಯಕ್ಕೆ ಲಂಡನ್ನಿನಲ್ಲಿ ನಡೆದ ದುಂಡುಮೇಜಿನ ಪರಿಷತ್ತುಗಳು ಮುಗಿದ ಮೇಲೆ 1933ರಲ್ಲಿ ಪ್ರಾಂತ್ಯದ ಅಹವಾಲು ಹೇಳಲು ಲಂಡನ್ನಿಗೆ ಹೋದರು. ಚಿಕ್ಕ ಪ್ರಾಂತ್ಯ, ಖಜಾನೆ ಸಣ್ಣದು, ಕೇಂದ್ರ ಬಲು ದೂರ. ಒಕ್ಕೂಟದಲ್ಲಿ ಕೆಳಗೆ ಇರುವವರಿಗೆ ಎಲ್ಲಿ ಚುಚ್ಚುತ್ತದೆ ಅನ್ನುವುದು ಪುಸ್ತಕ ಓದಿದರೆ ಗೊತ್ತಾಗುವಂಥದ್ದಲ್ಲ. ಈ ಎಂಟು ವರ್ಷವನ್ನು ನಾವು ಸುಮ್ನೆ ದಾಟಿಬಿಡುತ್ತೇವೆ. ನನ್ನ ಮಟ್ಟಿಗೆ ಅದೇ ಅವರ ಗರಡಿಮನೆ.

ಮುಂದೆ ಇವರಿಗೆ 1935ರ ಭಾರತ ಸರ್ಕಾರ ಕಾಯ್ದೆಯ ಕೆಲಸ ಬಂತು. ಆ ಕಾಯ್ದೆಗೆ ತಕ್ಕ ಹಾಗೆ ಕೇಂದ್ರ, ಪ್ರಾಂತ್ಯಗಳ ಹಳೆಯ ಕಾನೂನುಗಳನ್ನೆಲ್ಲ ತಿದ್ದುವ ಹೊಣೆಯೂ ಇವರ ಮೇಲೇ ಬಿತ್ತು. ಆಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾದರು, ಸ್ವಲ್ಪ ಕಾಲ ಆಗಿನ ಕಾಶ್ಮೀರ ಸಂಸ್ಥಾನದ ಪ್ರಧಾನಿಯೂ ಆಗಿದ್ದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಸಂಬಳ ತೆಗೆದುಕೊಳ್ಳಲಿಲ್ಲ. ರಾಜೇಂದ್ರ ಪ್ರಸಾದರು ತಮ್ಮ ಕೊನೆಯ ಭಾಷಣದಲ್ಲಿ ಅದನ್ನು ನೆನೆದಿದ್ದಾರೆ.

ಸಲಹೆಗಾರರು ಕೆಲಸ ಮಾಡುವ ಬಗೆ ನೋಡಬೇಕಾದರೆ 1947ರ ಮಾರ್ಚಿಗೆ ಹೋಗಬೇಕು. ಆಗ ಅವರು ಕೇಂದ್ರ ಮತ್ತು ಪ್ರಾಂತ್ಯಗಳ ಶಾಸನಸಭೆಗಳ ಸದಸ್ಯರಿಗೆ ಒಂದು ಪ್ರಶ್ನಾವಳಿ ಕಳಿಸಿದರು. ರಾಷ್ಟ್ರದ ಮುಖ್ಯಸ್ಥರನ್ನು ಏನಂತ ಕರೆಯೋಣ? ಹೇಗೆ ಆರಿಸೋಣ? ಇಂಥ ಪ್ರಶ್ನೆಗಳು. ಜೊತೆಗೆ ಬೇರೆ ಬೇರೆ ದೇಶಗಳಲ್ಲಿ ಏನು ಮಾಡಿದ್ದಾರೆ ಅನ್ನುವ ವಿವರವೂ ಇತ್ತು. ಹೀಗೇ ಮಾಡಿ ಅಂತ ಹೇಳಲಿಲ್ಲ. ಇರುವ ದಾರಿಗಳನ್ನೆಲ್ಲ ಎದುರಿಗಿಟ್ಟು, ಆರಿಸಿಕೊಳ್ಳಿ ಅಂದರು. ಆ ವರ್ಷದ ಅಕ್ಟೋಬರಿನಲ್ಲಿ ಸಭೆಯ ತೀರ್ಮಾನಗಳನ್ನು ಆಧರಿಸಿ 243 ವಿಧಿ, 13 ಅನುಸೂಚಿಗಳ ಮೊದಲ ಕರಡು ಕೊಟ್ಟರು.

ಕೊಟ್ಟವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡಿಗೆ ಹೊರಟರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ ಆದ ಮಾತುಕತೆಯಂತೂ ಇವತ್ತಿಗೂ ನಮಗೆ ತಟ್ಟುವಂಥದ್ದು. 'ಡ್ಯೂ ಪ್ರೋಸೆಸ್', ಅಂದರೆ ಜನರ ಜೀವ, ಸ್ವಾತಂತ್ರ್ಯಕ್ಕೆ ಕೈ ಹಾಕುವ ಕಾನೂನು ನ್ಯಾಯವಾಗಿಯೂ ಇರಬೇಕು ಅನ್ನುವ ಮಾತು ಹಾಕಿದರೆ, ಜನ ಆರಿಸಿದ ಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆಯುವ ಹಾಗಾಗುತ್ತದೆ, ಕೋರ್ಟುಗಳ ಮೇಲೂ ಹೊರೆ ಬೀಳುತ್ತದೆ ಎಂದರು ಅವರು. ರಾವ್ ಅದನ್ನು ತಂದು ಅಂಬೇಡ್ಕರ್ ಅಧ್ಯಕ್ಷರಾಗಿದ್ದ ಕರಡು ಸಮಿತಿಯ ಮುಂದಿಟ್ಟರು. ಸಮಿತಿ ಒಪ್ಪಿತು. ಜೀವ, ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯಲ್ಲಿ ಅದರ ಬದಲು 'ಕಾನೂನು ಗೊತ್ತುಮಾಡಿದ ಕ್ರಮ' ಎಂಬ ಅರ್ಥದ ಮಾತು ಬಂದು ಕೂತಿತು. ಅದರ ಫಲ? 1950ರ ಗೋಪಾಲನ್ ಮೊಕದ್ದಮೆಯಲ್ಲಿ, ವಿಚಾರಣೆ ಇಲ್ಲದೆ ಜೈಲಿನಲ್ಲಿಟ್ಟವರ ಪ್ರಶ್ನೆ ಬಂದಾಗ, ಶಾಸನಸಭೆ ಮಾಡಿದ ಕ್ರಮ ಒಂದು ಇದ್ದರೆ ಸಾಕು ಅಂತ ಸುಪ್ರೀಂ ಕೋರ್ಟ್ ಓದಿಕೊಂಡಿತು. ಆ ಕ್ರಮ ನ್ಯಾಯವಾಗಿಯೂ ಇರಬೇಕು ಅಂತ ಕೋರ್ಟ್ ಹೇಳಲು 1978ರ ಮೇನಕಾ ಗಾಂಧಿ ತೀರ್ಪಿನ ತನಕ ಕಾಯಬೇಕಾಯಿತು. ಈ ಒಂದು ಸಲಹೆ ತಪ್ಪಾಯಿತು ಅಂತ ನನಗೆ ಅನಿಸುತ್ತದೆ. ಆದರೂ ಹೊಣೆಯನ್ನೆಲ್ಲ ರಾವ್ ತಲೆಗೆ ಕಟ್ಟುವುದು ಸರಿಯಲ್ಲ. ಅವರು ಹೇಳಿದರು, ಆರಿಸಿದ್ದು ಸಮಿತಿ, ಒಪ್ಪಿದ್ದು ಸಭೆ.

ಇನ್ನೊಂದು ಸಲಹೆಗೆ ಆದದ್ದು ಇದಕ್ಕೆ ಪೂರ್ತಿ ಉಲ್ಟಾ. ಕೋರ್ಟಿನಲ್ಲಿ ಕೇಳಬಹುದಾದ ಹಕ್ಕುಗಳು ಒಂದು ಕಡೆ, ಸರ್ಕಾರ ನೆನಪಿಟ್ಟುಕೊಳ್ಳಬೇಕಾದ ನಿರ್ದೇಶಕ ತತ್ವಗಳು ಇನ್ನೊಂದು ಕಡೆ. ಹೀಗೆ ಬೇರೆ ಬೇರೆ ಇಡೋಣ ಅಂತ ಐರ್ಲೆಂಡಿನ ಮಾದರಿ ತೋರಿಸಿದ್ದವರಲ್ಲಿ ರಾವ್ ಮುಖ್ಯರು. ಅದು ಒಪ್ಪಿಗೆಯಾಯಿತು. ಆದರೆ ಇವೆರಡಕ್ಕೂ ತಿಕ್ಕಾಟ ಬಂದರೆ, ತತ್ವಗಳಿಗಾಗಿ ಮಾಡಿದ ಕಾನೂನು ಹಕ್ಕಿಗೆ ವಿರುದ್ಧ ಅಂತ ಬಿದ್ದುಹೋಗಬಾರದು ಅಂತಲೂ ಅವರು ಸೂಚಿಸಿದ್ದರು. ಕರಡು ಸಮಿತಿ ಅದನ್ನು ತೆಗೆದುಕೊಳ್ಳಲಿಲ್ಲ. 1971ರಲ್ಲಿ 25ನೇ ತಿದ್ದುಪಡಿ ತಂದ 31ಸಿ ವಿಧಿಯಲ್ಲಿ ಅದೇ ವಿಚಾರ ಬೇರೆ ರೂಪದಲ್ಲಿ ವಾಪಸ್ ಬಂತು.

ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ರಾವ್ ಕರಡನ್ನು ತಿದ್ದಿ, ಕಟ್ಟಿ, 1948ರ ಫೆಬ್ರವರಿಯಲ್ಲಿ 315 ವಿಧಿಗಳ ಹೊಸ ಕರಡು ಕೊಟ್ಟಿತು. ಕೊನೆಗೆ ಆದದ್ದು 395. ಅಷ್ಟರ ಮಧ್ಯೆ ಸಾವಿರಾರು ತಿದ್ದುಪಡಿಗಳು ಬಂದವು. ಸಭೆಯಲ್ಲಿ ಎದ್ದು ನಿಂತು ಒಂದೊಂದಕ್ಕೂ ಉತ್ತರ ಕೊಡುವ ಭಾರ ಹೊತ್ತವರು ಅಂಬೇಡ್ಕರ್. ಸಲಹೆಗಾರರು ಆ ಭಾರ ಹೊರಲು ಆಗುವುದೇ ಇಲ್ಲ, ಅವರು ಸಭೆಯ ಸದಸ್ಯರೇ ಅಲ್ಲ. 1949ರ ನವೆಂಬರ್ 25ರಂದು ಅಂಬೇಡ್ಕರ್ ಅವರೇ, ತಮಗೆ ಕೊಡುತ್ತಿರುವ ಶ್ರೇಯ ನಿಜವಾಗಿ ತಮ್ಮದಲ್ಲ, ಅದರಲ್ಲಿ ಒಂದು ಪಾಲು ಕಚ್ಚಾ ಕರಡು ಸಿದ್ಧಮಾಡಿದ ಸರ್ ಬಿ.ಎನ್. ರಾವ್ ಅವರದು ಅಂದರು. ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರ ಪಾಲು ಇನ್ನೂ ದೊಡ್ಡದು ಅಂತಲೂ ಹೇಳಿದರು. ಜಗಳ ಆಡುವವರು ಮುಖರ್ಜಿ ಹೆಸರನ್ನು ಎತ್ತುವುದೇ ಇಲ್ಲ, ಅಲ್ವಾ?

ಆ ಹೊತ್ತಿಗೆ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಮುಂದೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು, 1953ರಲ್ಲಿ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, 1950ರ ಜೂನ್‌ನಲ್ಲಿ, ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಇದ್ದವರು ಅವರೇ. ಈಗ ಅವರ ಕೈಯಲ್ಲಿ ಮತ ಇತ್ತು. ಜೂನ್ 27ರಂದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡುವ ನಿರ್ಣಯ ಮತಕ್ಕೆ ಬಂತು. ದೆಹಲಿಯಿಂದ ಸೂಚನೆ ಇನ್ನೂ ಬಂದಿರಲಿಲ್ಲ. ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ಎರಡು ದಿನ ಬಿಟ್ಟು ಸರ್ಕಾರದ ಒಪ್ಪಿಗೆ ಬಂತು.