ಒಂದು ಸಲ ಡೆಂಗಿ ಬಂದರೆ ಮತ್ತೆ ಬರಲ್ಲ ಅಲ್ವಾ?

ಪ್ರಶ್ನೆ: ಹೋದ ಮಳೆಗಾಲದಲ್ಲಿ ಮಗನಿಗೆ ಡೆಂಗಿ ಆಗಿತ್ತು. ಚಿಕ್ಕಂದಿನಲ್ಲಿ ‘ಅಮ್ಮ’ ಆದವರಿಗೆ ಮತ್ತೆ ಆಗಲ್ಲ ಅಂತಾರಲ್ಲ, ಹಾಗೇ ಡೆಂಗಿನೂ ಇನ್ನು ಬರಲ್ಲ ಅಲ್ವಾ?
– ಓದುಗರು, ವಿಜಯನಗರ, ಬೆಂಗಳೂರು

ಬರಬಹುದು. ಎರಡನೇ ಸಲದ್ದು ಮೊದಲಿಗಿಂತ ಜೋರಾಗುವ ಸಾಧ್ಯತೆಯೂ ಜಾಸ್ತಿ. ಭಯಪಡಿಸಲು ಹೇಳುತ್ತಿಲ್ಲ, ಗೊತ್ತಿದ್ದರೆ ಎಚ್ಚರವಾಗಿರಬಹುದು.

ಡೆಂಗಿ ಬರುವುದು ವೈರಸ್ಸಿನಿಂದ. ವೈರಸ್ ಅಂದರೆ ಒಂದಿಷ್ಟು ಜೀನು, ಅದರ ಸುತ್ತ ಪ್ರೋಟೀನಿನ ಕವಚ. ಕೆಲವಕ್ಕೆ ಮೇಲೊಂದು ಕೊಬ್ಬಿನ ಪೊರೆ. ಬ್ಯಾಕ್ಟೀರಿಯಾದ ಹಾಗೆ ತಾನೇ ಬೆಳೆಯಲಾರದು. ನಮ್ಮ ಜೀವಕೋಶದೊಳಗೆ ನುಗ್ಗಿ, ಅಲ್ಲಿರುವ ಸಲಕರಣೆಯಿಂದಲೇ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಅಂಗಗಳಿಗೆ ಗುರಿಯಿಟ್ಟ ಆ್ಯಂಟಿಬಯೋಟಿಕ್ ಇಲ್ಲಿ ನಡೆಯದಿರುವುದು ಅದಕ್ಕೇ.

ರೋಗಾಣುವಿನ ವಿರುದ್ಧ ನಮ್ಮ ದೇಹ ತಯಾರಿಸುವ ರಕ್ಷಕ ಪ್ರೋಟೀನುಗಳೇ ಆ್ಯಂಟಿಬಾಡಿಗಳು. ಅವು ಗುರುತು ಹಿಡಿಯುವುದು ಹೆಚ್ಚಾಗಿ ವೈರಸ್ಸಿನ ಹೊರಮೈಯನ್ನು. ವೈರಸ್ಸುಗಳು ಬೇರೆಬೇರೆಯಾಗುವುದು ಇಲ್ಲೇ. ದಡಾರದ ವೈರಸ್ ತನ್ನ ಹೊರಮೈಯನ್ನು ಹೆಚ್ಚು ಬದಲಿಸಿಕೊಳ್ಳಲಾರದು. ಬದಲಿಸಿದರೆ ಜೀವಕೋಶಕ್ಕೆ ಅಂಟುವ ಶಕ್ತಿಯೇ ಹೋಗುತ್ತದೆ. ಹಾಗಾಗಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ರಕ್ಷಣೆ. ಫ್ಲೂ ಹಾಗಲ್ಲ, ನಕಲು ಮಾಡುವಾಗಿನ ತಪ್ಪುಗಳಿಂದ ಅದರ ಹೊರಮೈ ಬದಲಾಗುತ್ತಲೇ ಇರುತ್ತದೆ. ಜೊತೆಗೆ ಅದರ ಜೀನುಗಳು 8 ತುಂಡುಗಳಲ್ಲಿವೆ. ಎರಡು ಬಗೆಯ ಫ್ಲೂ ಒಂದೇ ಜೀವಕೋಶ ಹೊಕ್ಕರೆ ತುಂಡುಗಳು ಅದಲುಬದಲಾಗುತ್ತವೆ. 2009ರ ಎಚ್1ಎನ್1ನಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂರೂ ಕಡೆಯ ಫ್ಲೂ ಜೀನುಗಳಿದ್ದವು.

ಇನ್ನು ನೀವು ಹೇಳಿದ ‘ಅಮ್ಮ’, ಅಂದರೆ ಚಿಕನ್‌ಪಾಕ್ಸ್. ಅದು ಮತ್ತೆ ಬರುವುದು ಅಪರೂಪ, ನಿಜ. ಆದರೆ ಆ ವೈರಸ್ ದೇಹ ಬಿಟ್ಟು ಹೋಗಿರುವುದಿಲ್ಲ. ನರಗಳ ಬುಡದಲ್ಲಿ ಸುಮ್ನೆ ಅಡಗಿ ಕೂತಿರುತ್ತದೆ. ವಯಸ್ಸಾಗಿ ಮೈಯಲ್ಲಿ ಶಕ್ತಿ ತಗ್ಗಿದಾಗ ಕೆಲವರಿಗೆ ಸರ್ಪಸುತ್ತಾಗಿ ಏಳುವುದು ಅದೇ ವೈರಸ್.

ಡೆಂಗಿಯ ದಾರಿಯೇ ಬೇರೆ. ಅದರಲ್ಲಿ 4 ಬಗೆ, ನಮ್ಮ ದೇಶದಲ್ಲಿ ನಾಲ್ಕೂ ಇವೆ. ಮಗನಿಗೆ ಬಂದ ಬಗೆಯಿಂದ ಅವನಿಗೆ ದೀರ್ಘಕಾಲದ ರಕ್ಷಣೆ ಸಿಕ್ಕಿದೆ. ಉಳಿದ ಮೂರರಿಂದ ಸಿಗುವುದು ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆ ಬಂದರೆ ಹಳೆಯ ಆ್ಯಂಟಿಬಾಡಿ ಅದಕ್ಕೆ ಅಂಟುತ್ತದೆ, ಆದರೆ ಸರಿಯಾಗಿ ಕಟ್ಟಿಹಾಕುವುದಿಲ್ಲ. ಆ್ಯಂಟಿಬಾಡಿ ಅಂಟಿದ್ದನ್ನು ನುಂಗುವುದೇ ಕೆಲವು ರಕ್ಷಕ ಕೋಶಗಳ ಕೆಲಸ. ಅವು ಈ ವೈರಸ್ಸನ್ನೂ ನುಂಗುತ್ತವೆ. ಡೆಂಗಿ ವೈರಸ್ ಬೆಳೆಯುವುದು ಆ ಕೋಶಗಳೊಳಗೇ! ಕಾಪಾಡಬೇಕಾದದ್ದೇ ಬಾಗಿಲು ತೆರೆದುಕೊಟ್ಟ ಹಾಗಾಗುತ್ತದೆ. ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಎರಡನೇ ಸಲವೂ ಹೆಚ್ಚಿನವರು ಗುಣವಾಗುತ್ತಾರೆ.

ಆದ್ದರಿಂದ ಮಗನಿಗೆ ಮತ್ತೆ ಜ್ವರ ಬಂದರೆ, ಹಿಂದೆ ಡೆಂಗಿ ಆಗಿತ್ತೆಂದು ಡಾಕ್ಟರಿಗೆ ಮೊದಲೇ ಹೇಳಿ. ಆಸ್ಪಿರಿನ್, ಐಬುಪ್ರೊಫೆನ್ ನೀವಾಗಿಯೇ ಕೊಡಬೇಡಿ, ರಕ್ತಸ್ರಾವದ ಅಪಾಯವಿದೆ. ಜ್ವರ ಇಳಿದ ಕೂಡಲೇ ನಿರಾಳರಾಗಬೇಡಿ. ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಆ ಒಂದೆರಡು ದಿನಗಳಲ್ಲೇ. ಜೋರು ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯ ಡ್ರಮ್ಮು, ಹೂಕುಂಡದ ತಟ್ಟೆಗಳ ನೀರು ಚೆಲ್ಲಿದರಷ್ಟೇ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ನೀರಿನಂಚಿನಲ್ಲಿ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಿ.