ಉಪ್ಪಿನ ಜಾಡಿಯಲ್ಲಿ ಜೀವಂತ ಮಿಡಿ

ಅಕ್ವೇರಿಯಂನ ಮೀನು ಸತ್ತರೆ 'ಮನೆಯವರ ಕಂಟಕವನ್ನು ತಾನು ಹೊತ್ತುಕೊಂಡು ಹೋಯಿತು' ಎನ್ನುವ ಸಮಾಧಾನ ಶಿವಮೊಗ್ಗದಲ್ಲೂ ಇದೆ, ಸಾಗರ, ತೀರ್ಥಹಳ್ಳಿಗಳಲ್ಲೂ ಇದೆ. ಕಂಟಕ ಬಂದಿದ್ದು ಮೀನಿಗೇ. ಸಮುದ್ರದ ಮೀನಾದರೆ ಅದರ ಗುರುತು ಎಷ್ಟೋ ಸಲ ದುಡ್ಡು ಕೊಡುವ ಮೊದಲೇ ಅಂಗಡಿಯಲ್ಲಿ ಕಣ್ಣೆದುರು ಇರುತ್ತದೆ.

ಸಮುದ್ರದ ಮೀನಿನ ಗಾಯವನ್ನು ತುಂಗೆಯ ಮೀನಿನ ಗಾಯದಂತೆ ನೋಡುವುದು ಮೊದಲ ತಪ್ಪು. ಅಪ್ಪೆಮಿಡಿಗೆ ಕಲ್ಲುಪ್ಪು ಹಾಕಿಟ್ಟರೆ ಜಾಡಿಯಲ್ಲಿ ನೀರು ನಿಲ್ಲುತ್ತದೆ, ಮಿಡಿ ಚಿರುಟುತ್ತದೆ. ಕಾಲಿಗೆ ಹತ್ತಿದ ಇಂಬಳಕ್ಕೆ ಉಪ್ಪು ಸೋಕಿಸಿದರೂ ಅದೇ ಕತೆ. ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೀನಿನ ರಕ್ತದ ಉಪ್ಪು ಅದರ ಮೂರನೇ ಒಂದು ಪಾಲಿನಷ್ಟು. ಅಂದರೆ ಇದು ಜಾಡಿಗೆ ಬಿದ್ದ ಮಿಡಿಯೇ, ಚಿರುಟಲು ಒಪ್ಪದ ಮಿಡಿ. ಮೈಯಿಂದ ಸೋರಿದ ನೀರನ್ನು ತುಂಬಿಕೊಳ್ಳಲು ಅದು ಹಗಲಿರುಳೂ ಕಡಲನ್ನೇ ಕುಡಿಯುತ್ತದೆ. ಹೀಗೆ ಕುಡಿಯುತ್ತದೆಂದು 1930ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಹೋಮರ್ ಸ್ಮಿತ್ ತೋರಿಸಿದ. ಒಳಗೆ ಬಂದ ಉಪ್ಪನ್ನು ಕಿವಿರುಗಳು ಹೊರಗೆ ದಬ್ಬುತ್ತವೆಂದು ಮರುವರ್ಷ ಈಲ್ ಮೀನಿನ ಕಿವಿರಿನಲ್ಲಿ ಆನ್ಸೆಲ್ ಕೀಸ್ ಕಂಡುಕೊಂಡ. ಮುಂದೆ ಕೊಬ್ಬು ಮತ್ತು ಹೃದ್ರೋಗದ ಚರ್ಚೆಯಲ್ಲಿ ಹೆಸರಾದ ಅದೇ ಕೀಸ್. ತುಂಗೆಯ ಮೀನಿನದು ತದ್ವಿರುದ್ಧ ಪಾಡು: ನೀರು ತಾನಾಗಿ ಒಳನುಗ್ಗುತ್ತದೆ, ಉಚ್ಚೆ ಹೊಯ್ದು ಹೊರಹಾಕುವುದೇ ಅದರ ಕೆಲಸ.

ಈ ಸೋರಿಕೆಗೆ ತಡೆ ಹುರುಪೆ ಮತ್ತು ಲೋಳೆ. ಬಲೆ ತಾಗಿ ಬೆರಳುಗುರಿನಷ್ಟು ಜಾಗ ಕೆರೆದುಹೋದರೆ ಮಳೆಗಾಲದಲ್ಲಿ ಹೆಂಚು ಒಡೆದಂತೆ, ಇಲ್ಲಿ ಸೋರುವುದು ಮಾತ್ರ ಒಳಗಿನಿಂದ ಹೊರಕ್ಕೆ. ಹಾಗಾಗಿ ಗೋಲ್ಡ್ ಫಿಶ್‌ಗೆ ಹೇಳುವ 'ಒಂದಿಷ್ಟು ಉಪ್ಪು ಹಾಕಿ' ಎಂಬ ಮದ್ದು ಇಲ್ಲಿ ಗಾಯಗೊಂಡವನ ಬಾಯಾರಿಕೆ ಹೆಚ್ಚಿಸುತ್ತದೆ, ಅಷ್ಟೆ.

ಅಂಗಡಿಯಲ್ಲಿ ಗಾಜು ತಟ್ಟದೆ ಹತ್ತು ನಿಮಿಷ ನಿಲ್ಲಿ. ಮೊದಲು ಕಿವಿರಿನ ಬಡಿತವನ್ನು ಅರ್ಧ ನಿಮಿಷ ಎಣಿಸಿ. ಬೆದರದೆ ನಿಂತ ಮೀನಿನಲ್ಲೂ ನಿಮಿಷಕ್ಕೆ 80 ದಾಟುತ್ತಿದ್ದರೆ ಅನುಮಾನ ಪಡಬೇಕು. ಮೋಟರಿನ ನೀರು ಚಿಮ್ಮುವ ಜಾಗಕ್ಕೇ ಮುಖವೊಡ್ಡಿ ನಿಂತಿದ್ದರಂತೂ ಅದನ್ನು ಬಿಟ್ಟುಬಿಡಿ. ಒಂದೇ ಕಣ್ಣು ಊದಿದ್ದರೆ ಸಾಮಾನ್ಯವಾಗಿ ಪೆಟ್ಟು, ಎರಡೂ ಊದಿದ್ದರೆ ಒಳಗಿನ ಸೋಂಕಿನ ಸಾಧ್ಯತೆ ಹೆಚ್ಚು. ನೇರವಾಗಿ ಸೀಳಿದ ರೆಕ್ಕೆ ಕೂಡಿಕೊಳ್ಳುತ್ತದೆ. ಅಂಚು ಬೆಳ್ಳಗೆ ಅಥವಾ ಕೆಂಪಗೆ ಕರಗುತ್ತಿದ್ದರೆ ಅದು ಕೊಳೆತ. ಹೊಟ್ಟೆ ಒಳಗೆ ಹೋಗಿರುವುದಕ್ಕಿಂತ ತಲೆಯ ಹಿಂದೆ ಬೆನ್ನು ತಗ್ಗಾಗಿರುವುದು ಕೆಟ್ಟದ್ದು, ಮಾಂಸಖಂಡವೇ ಕರಗಿದ ಗುರುತು ಅದು. ಎದುರಿಗೇ ಆಹಾರ ಹಾಕಿಸಿ ನೋಡಿ. ತಿನ್ನದ ಮೀನನ್ನು 'ಮನೆಗೆ ಹೋದ್ಮೇಲೆ ಸರಿಹೋಗುತ್ತೆ' ಎಂದು ಕೊಡುವವರ ಹತ್ತಿರ ವಾದ ಬೇಡ.

ಇನ್ನು ಬಿಳಿ ಚುಕ್ಕೆ. ಹೂಕೋಸಿನಂಥ ಗಂಟು ಬಹುಮಟ್ಟಿಗೆ ಲಿಂಫೋಸಿಸ್ಟಿಸ್ ವೈರಸ್. ನೋಡಲು ಅಸಹ್ಯ, ಆದರೆ ಕೊಲ್ಲುವುದು ಅಪರೂಪ. ಪಕ್ಕದಿಂದ ಟಾರ್ಚ್ ಬಿಟ್ಟಾಗ ಚಿನ್ನದ ಪುಡಿ ಉದುರಿಸಿದಂತೆ ಕಂಡರೆ ವೆಲ್ವೆಟ್ ಎಂಬ ಪರೋಪಜೀವಿ ರೋಗ, ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಉಪ್ಪಿನ ಹರಳಿನಷ್ಟು ದೊಡ್ಡ, ಬಿಡಿಬಿಡಿ ಚುಕ್ಕೆಯಾದರೆ ಕ್ರಿಪ್ಟೋಕ್ಯಾರಿಯಾನ್ ಎಂಬ ಏಕಕೋಶ ಜೀವಿ. ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ ನಾಲ್ಕೈದು ದಿನಕ್ಕೆ ಚುಕ್ಕೆ ಮಾಯವಾಯಿತು ಎನ್ನುವುದು ಇದರ ವಿಷಯದಲ್ಲೇ. ಮಾಯವಾಗುವುದೂ ನಿಜ! ಅದು ಮೀನಿನ ಚರ್ಮದಡಿ ಮೂರರಿಂದ ಏಳು ದಿನ ಮೇಯ್ದು, ಹೊಟ್ಟೆ ತುಂಬಿದ ಮೇಲೆ ಕೆಳಗೆ ಉದುರಿ, ಮರಳಿಗೋ ಗಾಜಿಗೋ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು ಮರಿಗಳು. ಕೋಶ ಒಡೆಯುವುದು ಹೆಚ್ಚಾಗಿ ಕತ್ತಲಲ್ಲಿ, ಮೀನುಗಳು ನೆಲದ ಹತ್ತಿರ ಮಲಗಿರುವಾಗ. ಮೆಣಸಿನಕಾಯಿ ಸುಟ್ಟವರಿಗೆ ಎರಡನೇ ಅಲೆ ಕಾಣುವ ಹೊತ್ತಿಗೆ ಮೊದಲಿನದು ಮರೆತಿರುತ್ತದೆ.

ತಂದ ಮೀನಿಗೆ ಬೇರೆಯದೇ ತೊಟ್ಟಿ ಬೇಕು: 40 ಲೀಟರ್, ಸ್ಪಂಜ್ ಫಿಲ್ಟರ್, ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡು. ಮರಳು ಬೇಡ. ಮಲೆನಾಡಿನ ಡಿಸೆಂಬರ್ ರಾತ್ರಿಗೆ ಹೀಟರ್ ಇಲ್ಲದೆ 25 ಡಿಗ್ರಿ ನಿಲ್ಲುವುದಿಲ್ಲ. ಕರೆಂಟು ಹೋಗುವ ಊರಾದ್ದರಿಂದ ಬ್ಯಾಟರಿ ಏರ್ ಪಂಪ್ ಕೂಡ ಇರಲಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ನೀರು ಹುಳಿಯಾಗಿರುತ್ತದೆ, ಆ ಹುಳಿ ಮೀನು ಹೊರಬಿಟ್ಟ ಅಮೋನಿಯಾದ ವಿಷವನ್ನು ಅಡಗಿಸಿರುತ್ತದೆ. ಚೀಲದ ಬಾಯಿ ಬಿಚ್ಚಿ ಗಂಟೆಗಟ್ಟಲೆ ಹನಿಹನಿ ನೀರು ಬಿಡುತ್ತ ಕೂತರೆ ಹುಳಿ ಇಳಿದು ವಿಷ ಏಳುತ್ತದೆ. ಅಂಗಡಿಯ ನೀರಿನ ಸಾಪೇಕ್ಷ ಸಾಂದ್ರತೆ (ಬರೀ ನೀರಿಗಿಂತ ಅದು ಎಷ್ಟು ಭಾರ, ಅಂದರೆ ಎಷ್ಟು ಉಪ್ಪು ಎಂಬ ಅಳತೆ) ಕೇಳಿಕೊಂಡು ಬಂದು, 1.020 ಎಂದರೆ ತೊಟ್ಟಿಯನ್ನೂ ಅಷ್ಟಕ್ಕೇ ಇಟ್ಟು, ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ ಮೀನನ್ನಷ್ಟೇ ದಾಟಿಸಿ. ಆಮೇಲೆ 1.025ಕ್ಕೆ ಏರಿಸುವಾಗ ದಿನಕ್ಕೆ 0.002ಕ್ಕಿಂತ ಹೆಚ್ಚು ಬೇಡ. ಉಪ್ಪು ಇಳಿದರೆ ಮೀನು ತಾಳಿಕೊಳ್ಳುತ್ತದೆ, ಸರ್ರನೆ ಏರಿದರೆ ಮತ್ತೆ ಮಿಡಿಯ ಪಾಡೇ.

ಚುಕ್ಕೆ ಕಂಡರೆ 72 ಗಂಟೆಗೊಮ್ಮೆ ಮೀನನ್ನು ಒಣಗಿಸಿ ಹೊಸ ಉಪ್ಪುನೀರು ತುಂಬಿದ ಇನ್ನೊಂದು ತೊಟ್ಟಿಗೆ ದಾಟಿಸಿ, ಒಟ್ಟು ನಾಲ್ಕು ಸಲ. ಕೋಶಗಳು ಒಡೆಯುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ. ಈ ಉಪಾಯ ಮಲೆನಾಡಿನಲ್ಲಿ ಕೆಡುವುದು ಆಷಾಢದಲ್ಲಿ: ಮಂಗಳವಾರ ಜಗುಲಿಯಲ್ಲಿ ನೇತುಹಾಕಿದ ಬಲೆ, ಸ್ಪಂಜು ಶುಕ್ರವಾರಕ್ಕೂ ತೇವವೇ. ಬ್ಲೀಚ್ ನೀರಲ್ಲಿ ಅದ್ದಿ, ವಾಸನೆ ಹೋಗುವವರೆಗೆ ತೊಳೆದು, ಬಚ್ಚಲೊಲೆಯ ಕಾವಿಗೆ ಗರಿಗರಿಯಾಗಿ ಒಣಗಿಸಿಯೇ ಮತ್ತೆ ಬಳಸಬೇಕು.